ಸದಸ್ಯರ ಕಾಗದ ಸದಸ್ಯರಿಗೆ ಮಾತ್ರ

(ಸಂಘದ ರಜತ ಮಹೋತ್ಸವದ ಅಂಗವಾಗಿ ಮೈಸೂರಿನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ ಹೊಟ್ಟೆ ಹೊರೆಯುವವನು. ಹೋದ ತಿಂಗಳು ಕಾರ್ಯದರ್ಶಿಗಳು ಮನೆಗೆ ಬಂದು, "ಸದಸ್ಯರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ತಮ್ಮ ಕಾಗದಪತ್ರ ನೋಡೋ ಹಾಗೆ ಮಾಡಬೇಕು ಅಂತ ಮಂಡಳಿ ಯೋಚನೆ ಮಾಡ್ತಾ ಇದೆ. ಆದರೆ ಜನಕ್ಕೆ ಭಯ. ನಮ್ಮ ಕಾಗದ ಎಲ್ಲೋ ಮೋಡದಲ್ಲಿ ಇಡ್ತಾರಂತೆ, ಊರೆಲ್ಲ ನೋಡ್ತಾರಂತೆ ಅಂತಾರೆ. ನೀನು ಬಂದು ಅರ್ಥ ಆಗೋ ಹಾಗೆ ಹೇಳಪ್ಪ" ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಸಣ್ಣ ಪತ್ತಿನ ಸಂಘಕ್ಕೆ ನಾನೇ ಇಂಥ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಹೆಸರು ಬೇಡ, ತಪ್ಪು ಅವರದಲ್ಲ, ನನ್ನದು. ಸದಸ್ಯರು ಲಾಗಿನ್ ಆಗಬೇಕು, ಪಾಸ್‌ವರ್ಡ್ ಹಾಕಬೇಕು, ಎಲ್ಲ ಇತ್ತು. ಒಳಗೆ ಹೋದ ಮೇಲೆ ಸಾಲದ ಪತ್ರ ನೋಡಲು ಒಂದು ಲಿಂಕ್ ಬರುತ್ತಿತ್ತು. ಆ ಲಿಂಕಿನ ಕೊನೆಯಲ್ಲಿ ಸಾಲದ ನಂಬರು ಇರುತ್ತಿತ್ತು. ಒಬ್ಬ ಹುಡುಗ ತನ್ನ ತಂದೆಯ ಪತ್ರ ನೋಡುತ್ತಿದ್ದವನು, ಸುಮ್ಮನೆ ಕುತೂಹಲಕ್ಕೆ 214 ಇದ್ದದ್ದನ್ನು 215 ಮಾಡಿದ. ಪಕ್ಕದ ಮನೆಯವರ ಚಿನ್ನದ ಸಾಲದ ಪತ್ರ ತೆರೆದುಕೊಂಡಿತು. ಮಗಳ ಕಾಲೇಜು ಫೀಸಿಗೆ ಆ ಹೆಣ್ಣುಮಗಳು ತನ್ನ ಸರವನ್ನು ಅಡವಿಟ್ಟಿದ್ದರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸಂಜೆ ಹೊತ್ತಿಗೆ ಟೀ ಅಂಗಡಿಯಲ್ಲಿ ಅದೇ ಮಾತು. ಮಾರನೆ ದಿನ ಅವರು ಸಂಘದ ಕಚೇರಿಗೆ ಬಂದು ನನ್ನ ಮುಂದೆ ನಿಂತರು. ಜಗಳ ಮಾಡಲಿಲ್ಲ. "ಏನಪ್ಪಾ, ಇಷ್ಟು ವರ್ಷ ಆ ಹಳೆ ಬೀರು ನನ್ನ ಮಾನ ಕಾಪಾಡಿತ್ತು. ನಿನ್ನ ಕಂಪ್ಯೂಟರಿಗೆ ಒಂದು ಬೀಗ ಇಲ್ವಾ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿದ್ದೆ. ಬೀರುವಿಗೆ ಹಾಕಿರಲಿಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ ಇವತ್ತು ನಿಮ್ಮೆಲ್ಲರ ಮುಂದೆ ಉತ್ತರ ಹೇಳುತ್ತೇನೆ.

ಹಳೆಯ ಬೀರು ಹೇಗೆ ಕೆಲಸ ಮಾಡುತ್ತಿತ್ತು?

ನಮ್ಮ ಸಂಘದ ಕಚೇರಿಯಲ್ಲಿ ಇವತ್ತಿಗೂ ಆ ಕಬ್ಬಿಣದ ಬೀರು ಇದೆ. ಅದರಲ್ಲಿ ಸದಸ್ಯರ ಅರ್ಜಿ, ಷೇರು ಪತ್ರ, ಸಾಲದ ಬಾಂಡು, ಜಾಮೀನುದಾರರ ಸಹಿ, ಪಹಣಿ ನಕಲು, ಆಧಾರ್ ಜೆರಾಕ್ಸ್ ಎಲ್ಲ ಇದೆ. ನಿಮಗೆ ನಿಮ್ಮ ಕಾಗದ ಬೇಕಾದರೆ ಏನು ಮಾಡುತ್ತೀರಿ? ಬೀರುವಿನ ಹತ್ತಿರ ಹೋಗುವುದಿಲ್ಲ. ಕೌಂಟರಿಗೆ ಹೋಗುತ್ತೀರಿ. ಗುಮಾಸ್ತರು ಮುಖ ನೋಡುತ್ತಾರೆ. ಇವರು ಯಾರು ಅಂತ ಅವರಿಗೆ ಗೊತ್ತು. ಕೇಳಿದ ಕಾಗದ ಇವರದೇನಾ ಅಂತ ಲೆಡ್ಜರಿನಲ್ಲಿ ನೋಡುತ್ತಾರೆ. ಆಮೇಲೆ ಬೀರು ತೆಗೆದು ಆ ಒಂದು ಕಾಗದ ಮಾತ್ರ ತಂದು ತೋರಿಸುತ್ತಾರೆ. ನಿಮ್ಮ ತಮ್ಮ ಬಂದು, "ನಮ್ಮಣ್ಣನದು ಎಷ್ಟು ಸಾಲ ಇದೆ, ಸ್ವಲ್ಪ ನೋಡಿ ಹೇಳಿ" ಎಂದರೆ, "ಅಣ್ಣನನ್ನೇ ಕರೆದುಕೊಂಡು ಬನ್ನಪ್ಪ" ಎನ್ನುತ್ತಾರೆ.

ಇದರಲ್ಲಿ ಎರಡು ಪ್ರಶ್ನೆ ಇವೆ. ಒಂದು, ನೀವು ಯಾರು? ಎರಡು, ಈ ಕಾಗದ ನಿಮ್ಮದೇ? ನಾನು ಮಾಡಿದ ತಪ್ಪು ಏನೆಂದರೆ ಮೊದಲನೆಯದನ್ನು ಕೇಳಿ ಎರಡನೆಯದನ್ನು ಬಿಟ್ಟದ್ದು. ಸಂಘದ ಸದಸ್ಯ ಎಂದು ಗೊತ್ತಾದ ತಕ್ಷಣ ಇಡೀ ಬೀರು ಬಿಟ್ಟುಕೊಟ್ಟಿದ್ದೆ.

ಕಾಗದ ಜೋಪಾನ ಮಾಡುವ ಚಿಂತೆ ಹೊಸದಲ್ಲ. ನಮ್ಮ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಅಲ್ಲಿಯ ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ಅಕ್ಷಪಟಲ ಎಂಬ ಲೆಕ್ಕಪತ್ರದ ಕಚೇರಿಯ ವಿಷಯಕ್ಕೇ ಒಂದು ಅಧ್ಯಾಯವಿದೆ. ಬಾಗಿಲು ಯಾವ ದಿಕ್ಕಿಗಿರಬೇಕು, ಲೆಕ್ಕದವರು ಹೇಗೆ ಕೂರಬೇಕು, ಪುಸ್ತಕ ಇಡುವ ಜಾಗ ಹೇಗಿರಬೇಕು ಎಂಬುದೆಲ್ಲ ಇದೆ. ರಾಜರ ಕಾಲದವರಿಗೂ ಈ ಚಿಂತೆ ಇತ್ತು. ಸೊಸೈಟಿಯವರಿಗೆ ಇಲ್ಲದಿದ್ದರೆ ಹೇಗೆ?

ಮೋಡ ಅಂದರೆ ಏನು?

ಕ್ಲೌಡ್ ಅಂದರೆ ಮೋಡ ಎಂದು ಅರ್ಥ ಹೇಳಿ ಜನರನ್ನು ಹೆದರಿಸುತ್ತಾರೆ. ಅಲ್ಲಿ ಮೋಡವೂ ಇಲ್ಲ, ಆಕಾಶವೂ ಇಲ್ಲ. ಕಾಂಪೌಂಡು ಹಾಕಿದ ದೊಡ್ಡ ಕಟ್ಟಡ, ಸಾಲು ಸಾಲು ಕಂಪ್ಯೂಟರು, ಹಗಲೂ ರಾತ್ರಿ ಕರೆಂಟು, ತಂಪು ಮಾಡುವ ಯಂತ್ರ, ಕಾವಲುಗಾರ, ಅಷ್ಟೆ. ಅಮೆಜಾನ್ ಕಂಪನಿ 2006ರಲ್ಲಿ ಎಸ್-3 ಎಂಬ ಹೆಸರಿನಲ್ಲಿ ಕಡತಗಳನ್ನು ಬಾಡಿಗೆಗೆ ಇಟ್ಟುಕೊಳ್ಳುವ ಕೆಲಸ ಶುರು ಮಾಡಿತು. 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಅವರ ಕೇಂದ್ರಗಳು ಬಂದವು. ಗೂಗಲ್, ಮೈಕ್ರೋಸಾಫ್ಟ್ ಮೊದಲಾದವರೂ ಇದೇ ಕೆಲಸ ಮಾಡುತ್ತಾರೆ. ನಾವು ಎಷ್ಟು ಜಾಗ ಬಳಸುತ್ತೇವೋ ಅಷ್ಟಕ್ಕೆ ಬಾಡಿಗೆ. ಗೋದಾಮಿನಲ್ಲಿ ಮೂಟೆ ಇಟ್ಟ ಹಾಗೆ.

ಇದರಿಂದ ಲಾಭ ಇದೆ. ಮಳೆ ಬಂದು ಕಚೇರಿ ಸೋರಿದರೆ, ಗೆದ್ದಲು ಹಿಡಿದರೆ, ಕಂಪ್ಯೂಟರ್ ಕೆಟ್ಟರೆ ಕಾಗದ ಹೋಯಿತು ಎಂಬ ಭಯ ಇಲ್ಲ. ಒಂದೇ ಕಡತದ ಪ್ರತಿಗಳನ್ನು ಹಲವು ಕಡೆ ಇಟ್ಟಿರುತ್ತಾರೆ. ಕೇಂದ್ರ ಸರ್ಕಾರ ಕೂಡ 2022ರ ಜೂನ್‌ನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಣ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೂ ಕ್ಲೌಡ್ ಆಧಾರಿತ ತಂತ್ರಾಂಶವೇ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದದ್ದು ಒಂದು ಲೆಕ್ಕದ ಪುಸ್ತಕ. ಕಾಲ ಬದಲಾಗಿದೆ. ನಾವು ಬೇಡ ಎಂದರೂ ಇದು ಬರುತ್ತದೆ. ಬರುವುದನ್ನು ಸರಿಯಾಗಿ ಬರಮಾಡಿಕೊಳ್ಳುವುದು ಜಾಣತನ.

ಈ ಕ್ಲೌಡಿನಲ್ಲಿ ಕಡತ ಇಡುವ ಜಾಗಕ್ಕೆ ಬಕೆಟ್ ಅಂತಲೇ ಹೆಸರು. ಬಕೆಟ್ಟಿಗೆ ಮುಚ್ಚಳ ಹಾಕಬಹುದು, ತೆರೆದೂ ಇಡಬಹುದು. ತೆರೆದಿಟ್ಟರೆ ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ, ಯಾವ ದೇಶದಿಂದ ಬೇಕಾದರೂ ತೆಗೆದು ನೋಡಬಹುದು. ವಿಳಾಸ ಯಾರಿಗೆ ಗೊತ್ತಾಗುತ್ತೆ ಬಿಡಿ ಎಂದು ನನ್ನಂಥ ಸೋಮಾರಿಗಳು ತೆರೆದಿಡುತ್ತಾರೆ. ಆದರೆ ಇಂಥ ತೆರೆದ ಬಕೆಟ್ಟುಗಳನ್ನು ಹುಡುಕುವುದಕ್ಕೇ ಹಗಲೂ ರಾತ್ರಿ ಓಡುವ ತಂತ್ರಾಂಶಗಳು ಇವೆ.

ನಡೆದು ಹೋದ ಸಂಗತಿಗಳು

ನನ್ನೊಬ್ಬನ ತಪ್ಪು ಇದು ಎಂದುಕೊಳ್ಳಬೇಡಿ. ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ದೊಡ್ಡ ಕಂಪನಿ ಮನೆ ಜಮೀನಿನ ವ್ಯವಹಾರದ ಪತ್ರಗಳನ್ನು ಇಟ್ಟುಕೊಳ್ಳುತ್ತಿತ್ತು. ಲಿಂಕಿನಲ್ಲಿದ್ದ ನಂಬರ್ ಬದಲಾಯಿಸಿದರೆ ಬೇರೆಯವರ ಪತ್ರ ತೆರೆದುಕೊಳ್ಳುತ್ತದೆ ಎಂದು 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಪಾಸ್‌ವರ್ಡೂ ಬೇಕಿರಲಿಲ್ಲ. ಹಾಗೆ ಸಿಗುತ್ತಿದ್ದ ಕಡತಗಳ ಸಂಖ್ಯೆ 88 ಕೋಟಿಗೂ ಮೇಲೆ. ಅದೇ 214, 215ರ ಕಥೆ.

ನಮ್ಮ ದೇಶದ್ದೂ ಹೇಳುತ್ತೇನೆ. ಹಳ್ಳಿಗಳಲ್ಲಿ ಭೀಮ್ ಆ್ಯಪ್ ಪ್ರಚಾರಕ್ಕೆಂದು ಸಿಎಸ್‌ಸಿ ನಡೆಸುತ್ತಿದ್ದ ಒಂದು ಜಾಲತಾಣಕ್ಕೆ ಸೇರಿದ ಎಸ್-3 ಬಕೆಟ್ ತೆರೆದುಕೊಂಡಿದೆ ಎಂದು 2020ರಲ್ಲಿ ವಿಪಿಎನ್ ಮೆಂಟರ್ ಎಂಬ ತಂಡ ವರದಿ ಮಾಡಿತು. ಸುಮಾರು 70 ಲಕ್ಷ ದಾಖಲೆ, ಆಧಾರ್ ಕಾರ್ಡಿನ ಪ್ರತಿ, ಜಾತಿ ಪ್ರಮಾಣಪತ್ರ, ವಾಸಸ್ಥಳದ ಪುರಾವೆ ಇದ್ದವು ಎಂದು ಅವರು ಹೇಳಿದರು. ಭೀಮ್ ಆ್ಯಪಿನಿಂದ ಏನೂ ಸೋರಿಲ್ಲ ಎಂದು ಅದನ್ನು ನಡೆಸುವ ಪಾವತಿ ನಿಗಮ ಸ್ಪಷ್ಟೀಕರಣ ಕೊಟ್ಟಿತು. ಅದೇನೇ ಇರಲಿ, ಅಲ್ಲಿದ್ದದ್ದು ಹಳ್ಳಿಯ ಅಂಗಡಿಯವರ, ರೈತರ ಕಾಗದ. ನಮ್ಮಂಥವರದು.

ಜೆರಾಕ್ಸ್ ಸಿಕ್ಕಿದರೆ ಏನು ಮಾಡ್ತಾರೆ ಎಂದು ಕೇಳಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರ್ ಬಳಸಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಆಮೇಲೆ ಪತ್ರಗಳಲ್ಲಿ ಅವು ಕಾಣದ ಹಾಗೆ ಮರೆಮಾಡುವ ಕ್ರಮ ತೆಗೆದುಕೊಂಡರು. ಓಟಿಪಿ ಬರಲಿಲ್ಲ, ಫೋನ್ ಬರಲಿಲ್ಲ, ಹಣ ಮಾತ್ರ ಹೋಯಿತು. ರಿಂಗ್ ರೋಡು ದಾಟಿ ಮೈಸೂರು ನಮ್ಮ ಹೊಲಗಳ ತನಕ ಬಂದಿರುವ ಈ ಕಾಲದಲ್ಲಿ ನಮ್ಮ ಒಂದೊಂದು ಗುಂಟೆಗೂ ಬೆಲೆ ಇದೆ. ಗುಂಟೆಗೆ ಬೆಲೆ ಇದ್ದರೆ ಅದರ ಕಾಗದಕ್ಕೂ ಬೆಲೆ ಇದೆ, ಅದರ ಮೇಲಿನ ಹೆಬ್ಬೆಟ್ಟಿಗೂ ಬೆಲೆ ಇದೆ.

ಇಲ್ಲೊಂದು ವ್ಯತ್ಯಾಸ ತಿಳಿದುಕೊಳ್ಳಬೇಕು. 2000ದ ಸುಮಾರಿಗೆ ಭೂಮಿ ಯೋಜನೆ ಬಂದು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಸಾಲು ನಿಂತು ತಂದದ್ದು ನಿಮಗೆಲ್ಲ ನೆನಪಿರಬೇಕು. ಪಹಣಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ನೋಡಬೇಕಾದದ್ದೇ. ಆದರೆ ನಿಮ್ಮ ಸಾಲದ ಅರ್ಜಿ, ಚಿನ್ನದ ತೂಕದ ಚೀಟಿ, ನಾಮಿನಿ ಹೆಸರು, ವೈದ್ಯರ ಬಿಲ್ಲು ಹಾಗಲ್ಲ. ಸಂಘದ ಒಟ್ಟು ಲೆಕ್ಕ ಸರ್ವಸದಸ್ಯರ ಸಭೆಯಲ್ಲಿ ಎಲ್ಲರ ಮುಂದೆ ಬರಬೇಕು, ಒಬ್ಬೊಬ್ಬರ ಕಷ್ಟ ಬರಬಾರದು. ಎಲ್ಲವನ್ನೂ ಮುಚ್ಚಿಡುವುದೂ ತಪ್ಪು, ಎಲ್ಲವನ್ನೂ ಬಿಚ್ಚಿಡುವುದೂ ತಪ್ಪು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಮೊದಲನೆಯದು, ಬಕೆಟ್ಟಿನ ಮುಚ್ಚಳ ಯಾವಾಗಲೂ ಮುಚ್ಚಿರಬೇಕು. ಹೊರಗಿನವರಿಗೆ ಯಾವ ಕಡತವನ್ನೂ ನೇರವಾಗಿ ತೋರಿಸಬೇಡ ಎಂದು ಒಂದೇ ಆಜ್ಞೆಯಲ್ಲಿ ಹೇಳುವ ಸೌಲಭ್ಯವನ್ನು ಅಮೆಜಾನ್ 2018ರಲ್ಲಿ ತಂದಿತು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳೆಲ್ಲ ಮುಚ್ಚಿಕೊಂಡೇ ಹುಟ್ಟುತ್ತವೆ. ಆದರೂ ಕೆಲಸ ಬೇಗ ಮುಗಿಯಲಿ ಎಂದು ಅದನ್ನು ತೆಗೆಯುವವರು ಇದ್ದಾರೆ. ತೆಗೆಯಬಾರದು.

ಎರಡನೆಯದು, ಬೀರುವಿನ ಮುಂದೆ ಕೌಂಟರ್ ಇರಬೇಕು. ಆ ಕೌಂಟರೇ ಸಂಘದ ವೆಬ್ ಅಪ್ಲಿಕೇಷನ್. ಸದಸ್ಯರು ಫೋನಿನಿಂದ ಬರುತ್ತಾರೆ, ಪಾಸ್‌ವರ್ಡ್, ಓಟಿಪಿ ಕೊಡುತ್ತಾರೆ. ಯಾರೆಂದು ಗೊತ್ತಾಯಿತು. ಆಮೇಲೆ ಪ್ರತಿ ಕಾಗದಕ್ಕೂ, ಪ್ರತಿ ಸಲವೂ, ಇದು ಇವರದೇ ಎಂದು ಲೆಡ್ಜರ್ ನೋಡಬೇಕು. ಒಂದು ಸಲ ನೋಡಿದೆವಲ್ಲ ಎಂದು ಬಿಡಬಾರದು. ಲಿಂಕಿನಲ್ಲಿ ಬಂದ ನಂಬರನ್ನು ನಂಬಬಾರದು. ಕಡತದ ಹೆಸರಿನಲ್ಲಿ ಸಾಲದ ನಂಬರಾಗಲಿ, ಆಧಾರ್ ನಂಬರಾಗಲಿ ಇರಬಾರದು. ಯಾರೂ ಊಹಿಸಲಾಗದ ಉದ್ದನೆಯ ಅಕ್ಷರಮಾಲೆ ಇರಬೇಕು. ಆದರೆ ಹೆಸರು ಉದ್ದ ಇದೆ ಎಂದು ಲೆಡ್ಜರ್ ನೋಡುವುದನ್ನು ಬಿಡಬಾರದು. ಮನೆ ಗಲ್ಲಿಯೊಳಗೆ ಇದೆ ಎಂದು ಯಾರೂ ಬೀಗ ಹಾಕದೆ ಊರಿಗೆ ಹೋಗುವುದಿಲ್ಲ.

ಮೂರನೆಯದು, ಕಾಗದವನ್ನು ಕೈಗೆ ಕೊಡುವ ರೀತಿ. ಇದಕ್ಕೆ ಎರಡು ದಾರಿ ಇದೆ.

ಒಂದು, ಗುಮಾಸ್ತರೇ ಬೀರುವಿಗೆ ಹೋಗಿ ತಂದುಕೊಡುವುದು. ಅಂದರೆ ವೆಬ್ ಅಪ್ಲಿಕೇಷನ್ ತಾನೇ ಕ್ಲೌಡಿನಿಂದ ಕಡತ ತೆಗೆದು ನಿಮ್ಮ ಫೋನಿಗೆ ಕಳಿಸುತ್ತದೆ. ಬೀರು ಎಲ್ಲಿದೆ ಎಂದೇ ನಿಮಗೆ ಗೊತ್ತಾಗುವುದಿಲ್ಲ. ಭದ್ರವಾದ ಕ್ರಮ. ಆದರೆ ಎಲ್ಲರೂ ಒಟ್ಟಿಗೆ ದೊಡ್ಡ ದೊಡ್ಡ ಕಡತ ಕೇಳಿದರೆ ಗುಮಾಸ್ತರಿಗೆ ಓಡಾಡಿ ಸುಸ್ತಾಗುತ್ತದೆ, ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ.

ಇನ್ನೊಂದು, ಚೀಟಿ ಕೊಟ್ಟು ಕಳಿಸುವುದು. "ಈ ಒಂದು ಕಾಗದ, ಇಂಥ ಹೊತ್ತಿನ ತನಕ, ಈ ಚೀಟಿ ತಂದವರಿಗೆ ತೋರಿಸಿ" ಎಂದು ಬರೆದು ಮೊಹರು ಹಾಕಿ ಕೊಡುತ್ತಾರೆ. ನೀವು ನೇರ ಗೋದಾಮಿಗೆ ಹೋಗಿ ಚೀಟಿ ತೋರಿಸಿ ಪಡೆಯುತ್ತೀರಿ. ಕಂಪ್ಯೂಟರಿನವರು ಇದನ್ನು ಪ್ರಿಸೈನ್ಡ್ ಯುಆರ್‌ಎಲ್ ಎನ್ನುತ್ತಾರೆ. ಸಹಿ ಮಾಡಿದ ಲಿಂಕ್ ಎಂದುಕೊಳ್ಳಿ.

ಈ ಮೊಹರಿನ ವಿಷಯ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಬನ್ನಿಮಂಟಪದ ಹತ್ತಿರ ನಮ್ಮ ಬಣ್ಣ ಮತ್ತು ಅರಗಿನ ಕಾರ್ಖಾನೆ ಇದೆ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದದ್ದು. ಮೊಹರು ಹಾಕುವ ಅರಗು ಅಲ್ಲಿ ತಯಾರಾಗುತ್ತಿತ್ತು. ಅರಗಿನ ಮೊಹರಿನ ಗುಣ ಏನು? ಅದು ಪೆಟ್ಟಿಗೆಯನ್ನು ಬಲವಾಗಿ ಹಿಡಿದಿಡುವುದಿಲ್ಲ. ಯಾರಾದರೂ ಕೈ ಹಾಕಿದ್ದರೆ ತಕ್ಷಣ ಗೊತ್ತಾಗುತ್ತದೆ, ಅಷ್ಟೆ. ಲಿಂಕಿನ ಮೊಹರೂ ಹಾಗೆಯೇ. ಕಡತದ ಹೆಸರು, ಅವಧಿ ಮುಗಿಯುವ ಹೊತ್ತು, ಇವುಗಳ ಜೊತೆಗೆ ಸಂಘದ ಗುಟ್ಟಿನ ಕೀಲಿಯನ್ನು ಸೇರಿಸಿ ಒಂದು ಲೆಕ್ಕ ಮಾಡುತ್ತಾರೆ. ಬಂದ ಉತ್ತರವೇ ಮೊಹರು. ಗೋದಾಮಿನಲ್ಲೂ ಅದೇ ಲೆಕ್ಕ ಮಾಡಿ ನೋಡುತ್ತಾರೆ. ಯಾರಾದರೂ 214ನ್ನು 215 ಮಾಡಿದರೆ, ಅಥವಾ ಐದು ನಿಮಿಷವನ್ನು ಐದು ದಿನ ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಬಾಗಿಲು ತೆರೆಯುವುದಿಲ್ಲ.

ಆದರೆ ಚೀಟಿಗೆ ಒಂದು ದೌರ್ಬಲ್ಯ ಇದೆ. ಅದು ಬಸ್ ಟಿಕೆಟ್ ಇದ್ದ ಹಾಗೆ, ಕೈಯಲ್ಲಿ ಇದ್ದವರದೇ. ನಿಮ್ಮ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ, ಅವಧಿ ಮುಗಿಯುವ ತನಕ ಗುಂಪಿನವರೆಲ್ಲ ತೆಗೆದು ನೋಡಬಹುದು. ಅಮೆಜಾನಿನಲ್ಲಿ ಇಂಥ ಚೀಟಿಗೆ ಏಳು ದಿನದ ತನಕ ಅವಧಿ ಕೊಡಲು ಬರುತ್ತದೆ. ಕೊಡಲು ಬರುತ್ತದೆ ಎಂದು ಕೊಡಬಾರದು. ಒಂದು ಕಾಗದ ತೆರೆಯಲು ಎರಡು ನಿಮಿಷ, ಐದು ನಿಮಿಷ ಸಾಕು.

ಒಂದು ಸಲ ಮಾತ್ರ ಬಳಸುವ ಹಾಗೆ ಮಾಡಲು ಆಗುವುದಿಲ್ಲವೇ ಎಂದು ನಿರ್ದೇಶಕರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 1962ರ ಮಹಾಚುನಾವಣೆಯಿಂದ ಓಟು ಹಾಕಿದವರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಹೋಗುತ್ತಿರುವುದು ಇದೇ ಕಾರ್ಖಾನೆಯಿಂದಲೇ. ಒಂದು ಸಲ ಹಾಕಿದವರು ಮತ್ತೆ ಬಂದರೆ ಬೆರಳೇ ಹೇಳುತ್ತದೆ. ಆದರೆ ಸಹಿ ಮಾಡಿದ ಲಿಂಕಿಗೆ ಆ ಶಾಯಿ ತಾನಾಗಿ ಹತ್ತುವುದಿಲ್ಲ. ಅವಧಿಯೊಳಗೆ ಎಷ್ಟು ಸಲ ಬೇಕಾದರೂ ತೆರೆಯಬಹುದು. ಶಾಯಿ ಬೇಕಾದರೆ ಕೌಂಟರಿನಲ್ಲೇ ಹಚ್ಚಬೇಕು. ಅಂದರೆ ಮೊದಲ ಕ್ರಮದಂತೆ ಅಪ್ಲಿಕೇಷನ್ನೇ ಕಡತ ತಂದುಕೊಟ್ಟು, ಯಾರಿಗೆ ಎಷ್ಟು ಸಲ ಕೊಟ್ಟೆವು ಎಂದು ಗುರುತು ಮಾಡಿಕೊಳ್ಳಬೇಕು.

ಹಾಗಾಗಿ ನನ್ನ ಸಲಹೆ ಇದು. ಸಾಲದ ಪತ್ರ, ಚಿನ್ನದ ಪತ್ರ, ಗುರುತಿನ ಕಾಗದ, ಇವು ಸಣ್ಣ ಕಡತಗಳು, ಸೂಕ್ಷ್ಮವಾದವು. ಗುಮಾಸ್ತರೇ ತಂದುಕೊಡಲಿ. ವಾರ್ಷಿಕ ವರದಿ, ಸಭೆಯ ಫೋಟೋ, ತರಬೇತಿಯ ವಿಡಿಯೋ ದೊಡ್ಡವು. ಅವಕ್ಕೆ ಚೀಟಿ ಸಾಕು.

ಕೀಲಿ, ಜೆರಾಕ್ಸ್ ಅಂಗಡಿ ಮತ್ತು ರಿಜಿಸ್ಟರು

ಮೊಹರು ಹಾಕುವ ಗುಟ್ಟಿನ ಕೀಲಿ ಎಲ್ಲಿರಬೇಕು? ಸಂಘದ ಸರ್ವರಿನ ಒಳಗೆ ಮಾತ್ರ. ಸದಸ್ಯರ ಫೋನಿಗೆ ಹೋಗುವ ಪುಟದಲ್ಲಿ ಅಲ್ಲ, ಆ್ಯಪಿನೊಳಗೂ ಅಲ್ಲ. ಫೋನಿಗೆ ಹೋದದ್ದನ್ನು ಬಿಚ್ಚಿ ನೋಡುವವರು ಇದ್ದೇ ಇರುತ್ತಾರೆ. ನಾನೂ ಹಿಂದೆ ಕೀಲಿಯನ್ನು ಪ್ರೋಗ್ರಾಮಿನ ಮಧ್ಯೆಯೇ ಬರೆದಿಟ್ಟಿದ್ದೆ. ಬೀಗದ ಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿ ಇಟ್ಟ ಹಾಗೆ. ಕೀಲಿಗೆ ಕೊಟ್ಟ ಅಧಿಕಾರವೂ ಅಳತೆಯಲ್ಲಿ ಇರಬೇಕು. ಓದುವ ಕೆಲಸ ಇದ್ದವರಿಗೆ ಅಳಿಸುವ ಅಧಿಕಾರ ಯಾಕೆ? ಕೆಲಸ ಬಿಟ್ಟ ನೌಕರನ ಲಾಗಿನ್ ಅದೇ ದಿನ ಮುಚ್ಚಬೇಕು. ಗುತ್ತಿಗೆ ಮುಗಿದ ಕಂಪ್ಯೂಟರ್ ಕಂಪನಿಯದೂ ಅಷ್ಟೆ, ಅವರ ಹತ್ತಿರ ಇದ್ದ ಕೀಲಿ ಬದಲಾಯಿಸಬೇಕು.

ಕ್ಲೌಡಿನಲ್ಲಿ ಕಡತವನ್ನು ಗೂಢಲಿಪಿಯಲ್ಲಿ ಇಡುತ್ತೇವೆ, ಅದರಿಂದ ಏನೂ ಭಯ ಇಲ್ಲ ಎಂದು ಕಂಪನಿಯವರು ಹೇಳುತ್ತಾರೆ. ನಿಜ, 2023ರ ಜನವರಿಯಿಂದ ಅಮೆಜಾನ್ ಹೊಸ ಕಡತಗಳನ್ನೆಲ್ಲ ತಾನಾಗಿಯೇ ಹಾಗೆ ಇಡುತ್ತದೆ. ಯಾರಾದರೂ ಯಂತ್ರವನ್ನೇ ಕದ್ದುಕೊಂಡು ಹೋದರೆ ಅದು ಕಾಪಾಡುತ್ತದೆ. ಆದರೆ ಮುಚ್ಚಳ ತೆರೆದಿಟ್ಟರೆ, ಕೇಳಿದವರಿಗೆಲ್ಲ ಗೋದಾಮಿನವರೇ ಬಿಡಿಸಿ ಓದಲು ಬರುವ ಹಾಗೆ ಕೊಡುತ್ತಾರೆ. ನನ್ನ 215ನೆಯ ಪತ್ರವೂ ಗೂಢಲಿಪಿಯಲ್ಲೇ ಇತ್ತು.

ಇನ್ನು ನಮ್ಮ ಕಡೆಯ ಎಚ್ಚರಿಕೆ. ನಮ್ಮಲ್ಲಿ ಎಷ್ಟೋ ಜನ ಜೆರಾಕ್ಸ್ ಅಂಗಡಿಯಲ್ಲಿ ಲಾಗಿನ್ ಮಾಡಿಸಿ ಪ್ರಿಂಟ್ ತೆಗೆಸುತ್ತಾರೆ. ಪ್ರಿಂಟ್ ನಿಮ್ಮ ಕೈಗೆ ಬಂತು, ಕಡತ ಆ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯಿತು. ಪ್ರತಿ ಇಟ್ಟುಕೊಳ್ಳಬೇಡ ಎಂದು ಬ್ರೌಸರಿಗೆ ಹೇಳಿ ಕಳಿಸುವ ಕ್ರಮ ಇದೆ, ಅದನ್ನು ಅಪ್ಲಿಕೇಷನ್ ಮಾಡಬೇಕು. ಆದರೆ ಡೌನ್‌ಲೋಡ್ ಮಾಡಿದ್ದನ್ನು ಅದು ಅಳಿಸುವುದಿಲ್ಲ. ಅಲ್ಲೇ ನಿಂತು ಅಳಿಸಿ, ಲಾಗ್‌ಔಟ್ ಮಾಡಿಸಿ ಬನ್ನಿ. ಓಟಿಪಿಯನ್ನು ಅಂಗಡಿಯವರಿಗೆ ಕೂಗಿ ಹೇಳಬೇಡಿ. ಮನೆಯಲ್ಲಿ ಮೊಬೈಲ್ ಮೊಮ್ಮಗನ ಕೈಯಲ್ಲಿದ್ದರೆ, ನಂಬಿಕೆ ಇರಲಿ, ಆದರೆ ಪಕ್ಕದಲ್ಲೇ ಕೂತು ನೋಡಿ.

ಕಚೇರಿಯಲ್ಲಿ ಆವಕ ಜಾವಕ ರಿಜಿಸ್ಟರ್ ಇದೆಯಲ್ಲ, ಇಲ್ಲೂ ಒಂದು ಬೇಕು. ಯಾವ ಕಾಗದವನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ನೋಡಿದರು ಎಂದು ತಾನಾಗಿ ಬರೆದುಕೊಳ್ಳಬೇಕು. ಸದಸ್ಯರು ನೋಡಿದ್ದಷ್ಟೇ ಅಲ್ಲ, ನೌಕರರು ನೋಡಿದ್ದೂ, ನಿರ್ದೇಶಕರು ನೋಡಿದ್ದೂ ಅದರಲ್ಲಿ ಬರಬೇಕು. ನನ್ನ ಹಳೆಯ ವ್ಯವಸ್ಥೆಯಲ್ಲಿ ಈ ರಿಜಿಸ್ಟರ್ ಇರಲಿಲ್ಲ. ಆ ತಾಯಿಯ ಪತ್ರವನ್ನು ಇನ್ನೂ ಎಷ್ಟು ಜನ ನೋಡಿದ್ದರು ಎಂದು ಅವರು ಕೇಳಿದಾಗ ನನಗೆ ಹೇಳಲಾಗಲಿಲ್ಲ. ಇವತ್ತಿಗೂ ಹೇಳಲಾರೆ.

ಎಲ್ಲಕ್ಕಿಂತ ದೊಡ್ಡ ಬೀಗ ಯಾವುದು ಗೊತ್ತೆ? ಬೇಡದ ಕಾಗದವನ್ನು ಇಟ್ಟುಕೊಳ್ಳದಿರುವುದು. ಆಧಾರ್ ಪ್ರತಿ ಬೇಕೇ ಬೇಕು ಎನ್ನುವ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ. ಬೆರಳಚ್ಚನ್ನು ಲಾಕ್ ಮಾಡಿಕೊಳ್ಳುವ ಸೌಲಭ್ಯವೂ ಅವರಲ್ಲಿ ಇದೆ. ತೀರಿದ ಸಾಲದ ಜೊತೆ ಕೊಟ್ಟ ಜೆರಾಕ್ಸುಗಳನ್ನು ಕಾನೂನಿನ ಅವಧಿ ಮುಗಿದ ಮೇಲೂ ಯಾಕೆ ಇಟ್ಟುಕೊಳ್ಳಬೇಕು? ಇಲ್ಲದ ಕಾಗದ ಸೋರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ದೊಡ್ಡವರ ಮಾತು, ನಮಗೇನು ಎನ್ನಬೇಡಿ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುವಂತೆ. ಜನರ ಮಾಹಿತಿಯನ್ನು ಜೋಪಾನ ಮಾಡದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಹಾಕಲು ಅದರಲ್ಲಿ ಅವಕಾಶ ಇದೆ. ಕಂಪ್ಯೂಟರ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದೆವು ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಜವಾಬ್ದಾರಿ ಸಂಘದ್ದೇ.

ಮಂಡಳಿಯವರಲ್ಲಿ ವಿನಂತಿ

ಹಣ ಕೊಟ್ಟು ವ್ಯವಸ್ಥೆ ಮಾಡಿಸುವ ಮೊದಲು, ಮಾಡುವವರನ್ನು ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ. ಬಕೆಟ್ ಮುಚ್ಚಿದೆಯೇ? ಪ್ರತಿ ಕಾಗದಕ್ಕೂ ಇದು ಯಾರದು ಎಂದು ನೋಡುತ್ತೀರಾ? ಚೀಟಿಯ ಅವಧಿ ಎಷ್ಟು ನಿಮಿಷ? ಗುಟ್ಟಿನ ಕೀಲಿ ಎಲ್ಲಿದೆ, ಯಾರ ಹತ್ತಿರ ಇದೆ? ಯಾರು ನೋಡಿದರು ಎಂಬ ರಿಜಿಸ್ಟರ್ ಎಲ್ಲಿ? ಬಾಯಿ ಮಾತಿನ ಉತ್ತರ ಒಪ್ಪಬೇಡಿ. ಇಬ್ಬರು ಸದಸ್ಯರನ್ನು ಎರಡು ಫೋನ್ ಕೊಟ್ಟು ಕೂರಿಸಿ. ಒಬ್ಬರ ಲಿಂಕನ್ನು ಇನ್ನೊಬ್ಬರ ಫೋನಿನಲ್ಲಿ ಹಾಕಿ ನೋಡಿ. ನಂಬರ್ ಬದಲಾಯಿಸಿ ನೋಡಿ. ಹತ್ತು ನಿಮಿಷ ಕಾದು ಮತ್ತೆ ತೆರೆದು ನೋಡಿ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ನಾನು ಆ ಹತ್ತು ನಿಮಿಷದ ಪರೀಕ್ಷೆ ಮಾಡಿದ್ದರೆ ಆ ಹುಡುಗನಿಗಿಂತ ಮೊದಲು ನನಗೇ ಗೊತ್ತಾಗುತ್ತಿತ್ತು.

ಮೊಬೈಲ್ ಇಲ್ಲದವರಿಗೆ, ಓದು ಬಾರದವರಿಗೆ ಹಳೆಯ ಕೌಂಟರ್ ಹಾಗೇ ಇರಲಿ. ಅದನ್ನು ಮುಚ್ಚಬೇಡಿ.

ಸದಸ್ಯರಿಗೂ ಒಂದು ಮಾತು. ಹೆದರಿ ಬೇಡ ಎನ್ನಬೇಡಿ, ಕೇಳದೆ ಹೂಂ ಅನ್ನಬೇಡಿ. ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರುವಾದಾಗ ನಮ್ಮ ಹಿರಿಯರು ಷೇರಿನ ಹಣ ತಂದು ಕೊಟ್ಟದ್ದು ಯಾವ ಬೀರುವನ್ನೂ ನೋಡಿ ಅಲ್ಲ, ಕೌಂಟರಿನಲ್ಲಿ ಕೂತವರನ್ನು ನಂಬಿ. ಆ ನಂಬಿಕೆಯನ್ನು ಯಂತ್ರಕ್ಕೆ ವಹಿಸುವಾಗ, ಗುಮಾಸ್ತರು ಕೇಳುತ್ತಿದ್ದ ಆ ಎರಡು ಪ್ರಶ್ನೆಗಳನ್ನೂ ಯಂತ್ರಕ್ಕೆ ಕಲಿಸಿ ವಹಿಸೋಣ.

ಆ ತಾಯಿಯ ಸರವನ್ನು ಅವರು ಆರು ತಿಂಗಳಲ್ಲಿ ಬಿಡಿಸಿಕೊಂಡರು. ಮಗಳ ಓದೂ ಮುಗಿಯಿತು. ಆದರೆ ಆ ಸಂಘದ ಕಡೆ ಅವರು ಮತ್ತೆ ಬರಲಿಲ್ಲ. ನಮ್ಮ ಸಂಘದಿಂದ ಒಬ್ಬ ಸದಸ್ಯರೂ ಹಾಗೆ ಹೋಗದಿರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.